ಮಗು ಕನ್ನಡದಲ್ಲಿ, ಪ್ರಮಾಣಪತ್ರ ಇಂಗ್ಲಿಷಿನಲ್ಲಿ!

ಕನ್ನಡದ ಯುವ ಗೆಳೆಯರೇ,

ನವೆಂಬರ್ ಒಂದಕ್ಕೆ ಬಾವುಟ ಹಾರಿಸುತ್ತೀರಿ. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಕೇಳುತ್ತೀರಿ. ಕೇಳಲೇಬೇಕು. ಆದರೆ ಬೋರ್ಡಿನ ಮೇಲೆ ಕನ್ನಡ ಇದ್ದೂ ಅದನ್ನು ಓದಲಾಗದೆ ನಿಂತಿರುವ ನಮ್ಮದೇ ಮಗುವನ್ನು ಎಂದಾದರೂ ನೋಡಿದ್ದೀರಾ? ಕಣ್ಣು ಕಾಣದ, ಕಿವಿ ಕೇಳದ, ಬುದ್ಧಿ ನಿಧಾನವಾಗಿ ಬೆಳೆಯುವ, ಅಕ್ಷರಗಳು ಕಣ್ಣೆದುರು ಕಲಸಿಹೋಗುವ ಮಗುವನ್ನು? ಆ ಮಗುವಿಗೆ ಕನ್ನಡ ಕಲಿಸುವವರು ಯಾರು?

ಹೋದ ಬೇಸಿಗೆಯಲ್ಲಿ ಸುರೇಬಾನದ ನಮ್ಮ ಮುದ್ರಣಾಲಯಕ್ಕೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಒಂದನೇ ಇಯತ್ತೆಯಿಂದ ಪದವಿಯವರೆಗೆ ಕನ್ನಡದಲ್ಲೇ ಓದಿದವಳು. ವಿಶೇಷ ಶಿಕ್ಷಣದ ಬಿ.ಎಡ್. ಮಾಡುತ್ತಿದ್ದಳು. ಕೈಯಲ್ಲಿ ಬೈಂಡಿಂಗಿಗೆ ತಂದ ವರದಿ. ನೇಕಾರರ ಮನೆಯ ಹುಡುಗನೊಬ್ಬ ಓದಲು ಯಾಕೆ ತಡವರಿಸುತ್ತಾನೆ ಎಂಬುದನ್ನು ವಾರಗಟ್ಟಲೆ ಅವನ ಪಕ್ಕದಲ್ಲಿ ಕೂತು ನೋಡಿ ಬರೆದದ್ದು. ಪೂರ್ತಿ ಇಂಗ್ಲಿಷಿನಲ್ಲಿತ್ತು.

"ಹುಡುಗನ ಕೂಡ ಕನ್ನಡದಾಗ ಮಾತಾಡೀನ್ರಿ ಅಣ್ಣಾರ. ಬರೆಯೂದು ಮಾತ್ರ ಇಂಗ್ಲಿಷಿನ್ಯಾಗ. ಅಂವಾ ಹೇಳಿದ್ದೇ ಒಂದು, ನಾ ಬರದದ್ದೇ ಒಂದು ಆಗೇತ್ರಿ" ಎಂದಳು.

ಈ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಆ ಹುಡುಗನಿಗೆ 'ಪ'ಕ್ಕೂ 'ಷ'ಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. 'ಪ'ದ ಹೊಟ್ಟೆ ಸೀಳಿದರೆ 'ಷ' ಎಂದು ಒಂದನೇ ಇಯತ್ತೆಯ ಮಾಸ್ತರರು ಹೇಳಿಕೊಡುತ್ತಾರೆ. ಆ ಒಂದು ಗೆರೆಯೇ ಅವನ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಏನಾಯಿತು? ಆ ಎರಡು ಅಕ್ಷರಕ್ಕೆ ಅಲ್ಲಿ ರೂಪದಲ್ಲಿ ಯಾವ ಹೋಲಿಕೆಯೂ ಇಲ್ಲ. ರೋಗ ಇರುವ ಜಾಗವೇ ಕಾಗದದ ಮೇಲಿಂದ ಅಳಿಸಿಹೋಯಿತು!

ನಾನು ಅಚ್ಚುಮೊಳೆಗಳ ನಡುವೆ ಬೆಳೆದವನು. ಅಪ್ಪನ ಕಾಲದ ಮೊಳೆಗಳಲ್ಲಿ ಅಕ್ಷರಗಳು ತಿರುಗುಮುರುಗಾಗಿರುತ್ತಿದ್ದವು. ಅವನ್ನು ಸರಿಯಾಗಿ ಓದಲು ನನಗೆ ತಿಂಗಳುಗಳೇ ಬೇಕಾದವು. ಕನ್ನಡದ ಬರವಣಿಗೆಗೆ ಅದರದೇ ತೊಡಕುಗಳಿವೆ. 'ಸೂರ್ಯ' ಎನ್ನುವಾಗ ರಕಾರವನ್ನು ಮೊದಲು ನುಡಿಯುತ್ತೇವೆ, ಅರ್ಕಾವತ್ತನ್ನು ಕೊನೆಗೆ ಬರೆಯುತ್ತೇವೆ. ಒತ್ತಕ್ಷರ ಕೆಳಗೆ ಕೂರುತ್ತದೆ, ಗುಣಿತದ ಕೊಂಬು ಪಕ್ಕಕ್ಕೆ ಬರುತ್ತದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಮುಂದಿಟ್ಟುಕೊಂಡು ಬರೆದ ಪುಸ್ತಕ ಈ ತೊಡಕನ್ನು ಬಿಡಿಸೀತೇ? ಕನ್ನಡ ಮಗುವಿನ ಕಷ್ಟಕ್ಕೆ ಕನ್ನಡದಲ್ಲೇ ಮದ್ದು ಹುಡುಕಬೇಕು.

ಈಗ ಕಾನೂನು ಏನು ಹೇಳುತ್ತದೆ ಕೇಳಿ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಪ್ರಕಾರ ಅರ್ಹತೆ ಪಡೆದು ನೋಂದಣಿ ಮಾಡಿಸದವರು ವಿಶೇಷ ಶಿಕ್ಷಕರಾಗಿ ಕೆಲಸ ಮಾಡುವಂತಿಲ್ಲ. ಪಿ.ಯು.ಸಿ. ಆದವರಿಗೆ ಎರಡು ವರ್ಷದ ವಿಶೇಷ ಡಿ.ಎಡ್., ಪದವೀಧರರಿಗೆ ವಿಶೇಷ ಬಿ.ಎಡ್. ಇದೆ. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ನ್ಯೂನತೆ ಹೀಗೆ ಒಂದೊಂದಕ್ಕೂ ಬೇರೆ ತರಬೇತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿತು. ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿತು. ಸುಪ್ರೀಂ ಕೋರ್ಟು 2021ರ ತೀರ್ಪಿನಲ್ಲಿ ಶಾಲೆಗಳಿಗೆ ವಿಶೇಷ ಶಿಕ್ಷಕರ ಕಾಯಂ ಹುದ್ದೆ ಸೃಷ್ಟಿಸಲು ಹೇಳಿತು. 2025ರ ಮಾರ್ಚಿನಲ್ಲಿ ಮತ್ತೆ ಎಲ್ಲ ರಾಜ್ಯಗಳ ಕಿವಿ ಹಿಂಡಿತು. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕು.

ಅಂದರೆ ಹುದ್ದೆಗಳು ಬರಲೇಬೇಕು. ಬಂದಾಗ ಆ ಕುರ್ಚಿಯಲ್ಲಿ ಕೂರುವವರು ಯಾರು?

ಪಠ್ಯಕ್ರಮ ದೆಹಲಿಯಲ್ಲಿ ಇಂಗ್ಲಿಷಿನಲ್ಲಿ ತಯಾರಾಗುತ್ತದೆ. ಆಳವಾದ ಪುಸ್ತಕಗಳು ಬಹುಪಾಲು ಇಂಗ್ಲಿಷಿನವೇ. ಕೇಂದ್ರದ ರಾಷ್ಟ್ರೀಯ ಸಂಸ್ಥೆಗಳು ಡೆಹ್ರಾಡೂನ್, ಮುಂಬೈ, ಸಿಕಂದರಾಬಾದುಗಳಲ್ಲಿವೆ. ನಮ್ಮ ನಾಡಿನ ಹೆಮ್ಮೆಯ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ. ರಾಮದುರ್ಗ ತಾಲೂಕಿನ ಹುಡುಗಿಗೆ ಅದು ರಾತ್ರಿಯಿಡೀ ಬಸ್ಸಿನಲ್ಲಿ ಕೂರುವ ದಾರಿ. ಊರಿನ ಮಗುವಿನ ಮಾತು ಬಲ್ಲವಳು ಇಂಗ್ಲಿಷ್ ಪುಸ್ತಕದ ಮುಂದೆ ಸೋತು ಹಿಂದೆ ಸರಿಯುತ್ತಾಳೆ. ಇಂಗ್ಲಿಷ್ ಬಲ್ಲವರು ಪ್ರಮಾಣಪತ್ರ ಪಡೆಯುತ್ತಾರೆ, ಆದರೆ ಸುರೇಬಾನಕ್ಕೆ ಬರುವುದಿಲ್ಲ. ನಷ್ಟ ಯಾರಿಗೆ? ಸರಕಾರಿ ಶಾಲೆಯನ್ನೇ ನಂಬಿದ ಬಡವರ ಮಗುವಿಗೆ.

ಪ್ರಮಾಣಪತ್ರವನ್ನು ಅಗ್ಗ ಮಾಡಿ ಎಂದು ನಾವು ಕೇಳುತ್ತಿಲ್ಲ. ಮೂರು ದಿನದ ತರಬೇತಿ ಕೊಟ್ಟು ಕೈತೊಳೆದುಕೊಳ್ಳುವುದು ಮಗುವಿಗೆ ಮಾಡುವ ಮೋಸ. ಪರೀಕ್ಷೆ ಕಠಿಣವಾಗಿಯೇ ಇರಲಿ. ಆದರೆ ಅದು ಕಲಿಸುವ ಶಕ್ತಿಯ ಪರೀಕ್ಷೆಯಾಗಲಿ, ಇಂಗ್ಲಿಷಿನ ಪರೀಕ್ಷೆಯಾಗುವುದು ಬೇಡ. "ಇಂಥ ಶಾಸ್ತ್ರ ಕನ್ನಡದಲ್ಲಿ ಸಾಧ್ಯವೇ?" ಎಂದು ಕೇಳುವ ಪಂಡಿತರಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮ ತೋರಿಸಿ. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳನ್ನು ಸಂಗೀತ ವಿದ್ವಾಂಸರನ್ನಾಗಿ ಮಾಡಿದ್ದು ಇದೇ ಕನ್ನಡದ ನೆಲದಲ್ಲಿ. ಮರಾಠಿಯ ಅಬ್ಬರದ ನಡುವೆ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಬೆಳೆಸಿದಾಗಲೂ ಅಂದಿನ ಪಂಡಿತರು ಹೀಗೆಯೇ ಅನುಮಾನಪಟ್ಟಿದ್ದಿರಬೇಕು. ಮುಲ್ಕಿ ಪಾಸಾದ ಮಾಸ್ತರರೇ ಮುಂದೆ ಈ ಭಾಗದ ಹಳ್ಳಿಹಳ್ಳಿಗೆ ಅಕ್ಷರ ಮುಟ್ಟಿಸಿದರು.

ಆದ್ದರಿಂದ ನಮ್ಮ ಹಕ್ಕೊತ್ತಾಯ:

1. ಸುಪ್ರೀಂ ಕೋರ್ಟು ಹೇಳಿದ ಲೆಕ್ಕದಲ್ಲಿ ಹುದ್ದೆಗಳನ್ನು ತುಂಬಬೇಕು, ಕಾಯಂ ಆಗಿ.

2. ವಿಶೇಷ ಡಿ.ಎಡ್. ಮತ್ತು ಬಿ.ಎಡ್.ನ ಪ್ರತಿ ವಿಷಯಕ್ಕೂ ಕನ್ನಡದಲ್ಲಿ ಪಠ್ಯಪುಸ್ತಕ ಬರಬೇಕು. ಹಂಪಿಯಲ್ಲಿ ಕನ್ನಡಕ್ಕೆಂದೇ ವಿಶ್ವವಿದ್ಯಾಲಯ ಇರುವುದು ಮತ್ಯಾತಕ್ಕೆ?

3. ಮಗುವನ್ನು ಕುರಿತ ವರದಿ, ಪಾಠದ ಪ್ರಾಯೋಗಿಕ ಪರೀಕ್ಷೆ ಮಗುವಿನ ಭಾಷೆಯಲ್ಲೇ ನಡೆಯಬೇಕು.

4. ಬೆಳಗಾವಿ ವಿಭಾಗದಲ್ಲಿ ಸರಕಾರಿ ಶುಲ್ಕದ ಸೀಟುಗಳನ್ನು ಹೆಚ್ಚಿಸಬೇಕು. ಕನ್ನಡ ಮಾಧ್ಯಮದವರಿಗೆ ಆದ್ಯತೆ ಸಿಗಬೇಕು.

ಗೆಳೆಯರೇ, ಸರಕಾರಕ್ಕೆ ಹೇಳಿದ್ದಾಯಿತು, ಈಗ ನಿಮಗೂ ಒಂದು ಮಾತು. ಬೆಂಗಳೂರು, ಹುಬ್ಬಳ್ಳಿಯಲ್ಲಿ ಪದವಿ ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದರೆ ಈ ಓದಿನ ಕಡೆ ನೋಡಿ. ಇಂಗ್ಲಿಷ್ ಚೆನ್ನಾಗಿ ಬಂದರೆ ಅಲ್ಲಿಯ ಜ್ಞಾನವನ್ನು ಕನ್ನಡಕ್ಕೆ ತನ್ನಿ. ಸಂಘಟನೆಯವರು ರಾಜ್ಯೋತ್ಸವದ ಒಂದು ಫ್ಲೆಕ್ಸಿನ ದುಡ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ ಪುಸ್ತಕ ಕೊಡಿಸಿ. ಫ್ಲೆಕ್ಸ್ ಮುದ್ರಿಸಿ ಹೊಟ್ಟೆ ಹೊರೆಯುವ ನಾನೇ ಇದನ್ನು ಹೇಳುತ್ತಿದ್ದೇನೆ!

ನಮ್ಮ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಒಂದೊಂದು ಹಣ್ಣನ್ನೂ ಕಚ್ಚಿ ನೋಡಿ, ಸಿಹಿಯಾದದ್ದನ್ನೇ ರಾಮನಿಗೆ ಕೊಟ್ಟ ತಾಯಿ ಅಲ್ಲಿದ್ದಳೆಂದು ನಮ್ಮ ಜನ ನಂಬುತ್ತಾರೆ. ವಿಶೇಷ ಶಿಕ್ಷಕರ ಕೆಲಸವೂ ಅದೇ: ಪ್ರತಿ ಮಗುವಿಗೂ ಒಗ್ಗುವುದನ್ನು ತಾನೇ ಸವಿದು ನೋಡಿ ಕೊಡುವುದು. ನಮ್ಮ ಮಕ್ಕಳಿಗೆ ಆ ಹಣ್ಣು ಕನ್ನಡದಲ್ಲೇ ಸಿಗಲಿ.

ಸಿರಿಗನ್ನಡಂ ಗೆಲ್ಗೆ! ಓದಲಾಗದ ಮಗುವಿನ ಬಾಯಲ್ಲೂ ಗೆಲ್ಗೆ!