ಕೊಂಡ ಬೆಲೆಯ ಹಂಗು

ಹೈದರಾಬಾದಿನ ಮಾದಾಪುರದಲ್ಲಿ ಹತ್ತು ಹದಿನೈದು ವರ್ಷದ ಹಳೆಯ ಫ್ಲ್ಯಾಟ್ ಮಾರಲು ಹೊರಟವರ ಬಾಯಲ್ಲಿ ಈಗ ಒಂದೇ ಮಾತು: ಮಾರ್ಕೆಟ್ ಬಿದ್ದಿದೆ, ಏಳಲಿ, ಆಮೇಲೆ ನೋಡೋಣ. ಮಾತು ಪೂರ್ತಿ ಸುಳ್ಳಲ್ಲ. 2025ರ ಮೊದಲ ಮೂರು ತಿಂಗಳಲ್ಲಿ ಹೈದರಾಬಾದಿನಲ್ಲಿ ಮನೆಗಳ ಮಾರಾಟ ಹಿಂದಿನ ವರ್ಷದ ಅದೇ ಅವಧಿಗಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತೆಂದು ಆಸ್ತಿ ಸಲಹಾ ಸಂಸ್ಥೆ ಅನರಾಕ್ ಲೆಕ್ಕ ಕೊಟ್ಟಿತ್ತು. ಕುತೂಹಲದ ಸಂಗತಿ ಎಂದರೆ, ಮಾರಾಟ ಅರ್ಧವಾದರೂ ಕೇಳುವ ಬೆಲೆ ಇಳಿಯಲಿಲ್ಲ. ಸಂತೆಯಲ್ಲಿ ಗಿರಾಕಿ ಕಡಿಮೆಯಾದರೆ ಸಂಜೆಯ ಹೊತ್ತಿಗೆ ಟೊಮ್ಯಾಟೊ ಬೆಲೆ ಬೀಳುತ್ತದೆ. ಮನೆಯ ವಿಷಯದಲ್ಲಿ ಬೆಲೆ ಹಾಗೆಯೇ ನಿಂತಿರುತ್ತದೆ, ಮಾಯವಾಗುವವನು ಗಿರಾಕಿ. ಆದ್ದರಿಂದ ‘ಮಂದ ಮಾರುಕಟ್ಟೆ’ ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ಮಾರುವವರೇ ಮಾಡಿದ್ದು ಎಂಬುದು ನನ್ನ ವಾದ. ಅವರನ್ನು ಹಿಡಿದು ನಿಲ್ಲಿಸಿರುವುದು ತಾವು ಕೊಂಡ ಬೆಲೆ, ಇಲ್ಲವೇ ಎರಡು ವರ್ಷದ ಹಿಂದೆ ಯಾರೋ ಹೇಳಿಹೋದ ಬೆಲೆ.

ಇದು ಬರೀ ಊಹೆಯಲ್ಲ. ಡೇವಿಡ್ ಜೆನಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಎಂಬ ಅರ್ಥಶಾಸ್ತ್ರಜ್ಞರು 1990ರ ದಶಕದ ಬಾಸ್ಟನ್ ನಗರದ ಫ್ಲ್ಯಾಟ್ ಮಾರಾಟಗಳನ್ನು ಪರಿಶೀಲಿಸಿ 2001ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿ ಬೆಲೆ ಏರಿ ಬಿದ್ದಿತ್ತು. ಒಂದೇ ಬಗೆಯ ಎರಡು ಫ್ಲ್ಯಾಟುಗಳಲ್ಲಿ, ಬೆಲೆ ಶಿಖರದಲ್ಲಿದ್ದಾಗ ಕೊಂಡವರು ಹೆಚ್ಚು ಕೇಳುತ್ತಿದ್ದರು. ಕೊಂಡ ಬೆಲೆಗೂ ಆಗ ಸಿಗಬಹುದಾಗಿದ್ದ ಬೆಲೆಗೂ ಇದ್ದ ಅಂತರದಲ್ಲಿ ಶೇ 25ರಿಂದ 35ರಷ್ಟನ್ನು ಕೇಳುವ ಬೆಲೆಗೆ ಸೇರಿಸುತ್ತಿದ್ದರು. ಆ ಹಟಕ್ಕೆ ಫಲ ಸಿಗಲಿಲ್ಲ ಎಂದಲ್ಲ. ಅಂತರದ ಶೇ 3ರಿಂದ 18ರಷ್ಟು ನಿಜಕ್ಕೂ ಕೈಗೆ ಬಂದಿತ್ತು. ಆದರೆ ಅವರ ಮನೆಗಳು ಮಾರಾಟವಾಗದೆ ಬಹುಕಾಲ ಉಳಿದವು. ಕೊಳ್ಳುವವನಿಗೆ ನೀವು ಎಷ್ಟಕ್ಕೆ ಕೊಂಡಿರಿ ಎಂಬುದರಿಂದ ಆಗಬೇಕಾದ್ದೇನೂ ಇಲ್ಲ. ಕೊಂಡ ಬೆಲೆಗೆ ಬೆಲೆ ಕೊಡುವುದು ಆದಾಯ ತೆರಿಗೆ ಇಲಾಖೆ ಒಂದೇ.

ಕಾದರೆ ಏನು ಹೋಗುತ್ತದೆ ಎಂದು ಕೇಳುವವರಿಗೆ ಒಂದು ಲೆಕ್ಕ. ಫ್ಲ್ಯಾಟಿಗೆ ಇಂದು ಒಂದು ಕೋಟಿಗೆ ಗಿರಾಕಿ ಇದ್ದಾನೆ, ಮಾಲೀಕರು 1.15 ಕೋಟಿಗೆ ಕಾಯುತ್ತಾರೆ, ಎರಡು ವರ್ಷದ ಮೇಲೆ ಅಷ್ಟೇ ಸಿಕ್ಕಿಯೂಬಿಟ್ಟಿತು ಎನ್ನೋಣ. ಮನೆಯ ಮೇಲೆ ಶೇ 8ರಂತೆ 60 ಲಕ್ಷ ಸಾಲ ಉಳಿದಿದ್ದರೆ ಅಷ್ಟರಲ್ಲಿ ಬಡ್ಡಿಯೇ 9 ಲಕ್ಷ ದಾಟಿರುತ್ತದೆ. ತಿಂಗಳಿಗೆ ನಾಲ್ಕು ಸಾವಿರದಂತೆ ಮೇಂಟೆನೆನ್ಸ್ ಸುಮಾರು ಒಂದು ಲಕ್ಷ. ಸಾಲ ತೀರಿಸಿ ಮಿಗಬಹುದಾಗಿದ್ದ 40 ಲಕ್ಷವನ್ನು ಬ್ಯಾಂಕಿನಲ್ಲಿಟ್ಟಿದ್ದರೆ ತೆರಿಗೆ ಕಳೆದೂ ನಾಲ್ಕು ಲಕ್ಷದ ಹತ್ತಿರ ಬರುತ್ತಿತ್ತು. ಖಾಲಿ ಮನೆಗೆ ಬೀಗ ಹಾಕಿಕೊಂಡು ಕಾದು ಗೆದ್ದ 15 ಲಕ್ಷ ಹೀಗೆ ಸದ್ದಿಲ್ಲದೆ ಕರಗುತ್ತದೆ. ಅದೂ ಬೆಲೆ ಏರಿದರೆ. ಬಾಡಿಗೆಗೆ ಕೊಟ್ಟಿದ್ದರೆ ಲೆಕ್ಕ ಬದಲಾಗುತ್ತದೆ, ಒಪ್ಪುತ್ತೇನೆ. ಐಟಿ ಕಚೇರಿಗಳ ಮಗ್ಗುಲಲ್ಲೇ ಇರುವ ಮಾದಾಪುರದಲ್ಲಿ ಬಾಡಿಗೆದಾರರಿಗೆ ಬರವಿಲ್ಲ. ಸಾಲವೂ ಇಲ್ಲ, ಹಣದ ತುರ್ತೂ ಇಲ್ಲ ಎನ್ನುವವರು ನಿಶ್ಚಿಂತೆಯಿಂದ ಕಾಯಬಹುದು. ಆದರೆ ಅವರು ಬಾಡಿಗೆ ಮನೆಯ ಮಾಲೀಕರು, ಮಾರುವವರ ಸಾಲಿನಲ್ಲಿ ಅವರನ್ನು ಸೇರಿಸಬೇಕಿಲ್ಲ.

ಬಲವಾದ ಆಕ್ಷೇಪ ಬರುವುದು ನೆಲದ ಬೆಲೆಯಿಂದ. 2025ರ ಅಕ್ಟೋಬರಿನಲ್ಲಿ ಪಕ್ಕದ ರಾಯದುರ್ಗದಲ್ಲಿ ಸರ್ಕಾರಿ ಜಮೀನು ಹರಾಜಿನಲ್ಲಿ ಎಕರೆಗೆ 177 ಕೋಟಿಗೆ ಹೋಯಿತು. ನೆರೆಯ ಮಣ್ಣು ಚಿನ್ನವಾಗಿರುವಾಗ ನಾನೇಕೆ ಇಳಿಸಲಿ? ಕೇಳಲು ನ್ಯಾಯವಾಗಿಯೇ ಇದೆ. ಆದರೆ ಬೆಂಗಳೂರಿನಲ್ಲಿರುವಂಥ ಎಫ್‌ಎಸ್‌ಐ ಮಿತಿ, ಅಂದರೆ ನಿವೇಶನದ ಅಳತೆಗೆ ಇಷ್ಟೇ ಕಟ್ಟಬೇಕೆಂಬ ಮಿತಿ, ಹೈದರಾಬಾದಿನಲ್ಲಿ ಇಲ್ಲ. ಸುತ್ತ ಸಾಕಷ್ಟು ಜಾಗ ಬಿಟ್ಟು, ರಸ್ತೆ ಅಗಲವಿದ್ದರೆ, ಬಿಲ್ಡರ್ ಐವತ್ತು ಮಹಡಿಗೂ ಹೋಗಬಹುದು. 177 ಕೋಟಿ ಆ ಆಕಾಶಕ್ಕೆ ಕೊಟ್ಟ ಬೆಲೆ. ಇಪ್ಪತ್ತು ಮನೆಗಳ ಐದು ಮಹಡಿ ಕಟ್ಟಡದಲ್ಲಿ ನಿಮ್ಮ ಪಾಲಿಗಿರುವ ಮೂವತ್ತು ನಲವತ್ತು ಚದರ ಗಜ ಅವಿಭಜಿತ ನೆಲಕ್ಕೆ ಆ ಆಕಾಶ ದಕ್ಕಬೇಕಾದರೆ ಇಪ್ಪತ್ತೂ ಮಾಲೀಕರು ಕೂಡಿ ಕೆಡವಿ ಕಟ್ಟಲು ಒಪ್ಪಬೇಕು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ರಿಪೇರಿಗೇ ಒಮ್ಮತ ಬರುವುದಿಲ್ಲ. ಮೇಲಾಗಿ ಮಿತಿಯಿಲ್ಲದ ಅದೇ ನಿಯಮ ಕೋಕಾಪೇಟೆ, ನಾರ್ಸಿಂಗಿಗಳಲ್ಲಿ ಗೋಪುರಗಳ ಸಾಲು ಎಬ್ಬಿಸಿ ಹಳೆಯ ಫ್ಲ್ಯಾಟಿಗೆ ಪೈಪೋಟಿ ತಂದಿಟ್ಟಿದೆ.

ಇನ್ನೊಂದು ಆಕ್ಷೇಪ ಇತಿಹಾಸದ್ದು. 2009ರ ಜನವರಿಯಲ್ಲಿ ಸತ್ಯಂ ಹಗರಣ, ಡಿಸೆಂಬರಿನಲ್ಲಿ ತೆಲಂಗಾಣ ರಾಜ್ಯದ ಘೋಷಣೆ, ಆಮೇಲೆ ನಾಲ್ಕೂವರೆ ವರ್ಷದ ಅನಿಶ್ಚಿತತೆ. ಆಗ ಕಾದವರು 2014ರ ನಂತರ ಗೆದ್ದರಲ್ಲವೇ? ಗೆದ್ದರು. ಆದರೆ ಆಗ ಮಾರಿ ಅದೇ ನಗರದಲ್ಲಿ ಬೇರೆ ಮನೆ ಕೊಂಡವರೂ ಗೆದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ಮಂದ ಮಾರುಕಟ್ಟೆ ಎರಡೂ ಕಡೆ ಕೆಲಸ ಮಾಡುತ್ತದೆ. ಒಂದು ಕೋಟಿಯ ಮನೆ ಮಾರಿ ಎರಡು ಕೋಟಿಯದನ್ನು ಕೊಳ್ಳುವವರಿಗೆ ಕೈಯಿಂದ ಒಂದು ಕೋಟಿ ಬೇಕು. ಎರಡೂ ಶೇ 10ರಷ್ಟು ಇಳಿದರೆ 90 ಲಕ್ಷ ಸಾಕು. ದೊಡ್ಡ ಮನೆಗೆ ಹೋಗುವವರಿಗೆ ಇಳಿದ ಬೆಲೆ ಲಾಭ. ತಮ್ಮ ಮನೆಯ 10 ಲಕ್ಷವನ್ನು ಮಾತ್ರ ನೋಡಿ ಅವರು ಅಳುತ್ತಾರೆ. ಬೀದರ್, ಕಲಬುರಗಿ, ರಾಯಚೂರಿನಿಂದ ಬಂದು ಇಲ್ಲಿ ಮನೆ ಮಾಡಿ, ಈಗ ಮಾರಿ ಬೆಂಗಳೂರು ಸೇರಬೇಕೆನ್ನುವ ಕನ್ನಡಿಗರ ಸ್ಥಿತಿ ಬೇರೆ. ಇಲ್ಲಿ ಇಳಿದದ್ದು ಅಲ್ಲಿಯೂ ಇಳಿದಿರಬೇಕೆಂದಿಲ್ಲ, ಅವರ ನಷ್ಟ ನಿಜವಾದದ್ದು. ಅಲ್ಲಿನ ಬೆಲೆ ಏರುತ್ತಿದ್ದರೆ ಕಾದಷ್ಟೂ ಅದು ಬೆಳೆಯುತ್ತದೆ.

ಬೆಲೆ ಇಳಿಸಿದರೂ ಹೋಗದ ಮನೆಗಳಿವೆ ಎಂಬುದನ್ನೂ ಹೇಳಬೇಕು. 2024ರ ಜುಲೈನಲ್ಲಿ ಕೆರೆ, ಸರ್ಕಾರಿ ಜಾಗಗಳ ಒತ್ತುವರಿ ತೆರವುಗೊಳಿಸುವ ಹೈಡ್ರಾ ಸಂಸ್ಥೆ ಹುಟ್ಟಿತು. ಆಗಸ್ಟ್ 24ರಂದು ತಮ್ಮಿಡಿಕುಂಟೆ ಕೆರೆಯ ಬದಿಯ ಎನ್ ಕನ್ವೆನ್ಷನ್ ಸಭಾಂಗಣ ನೆಲಸಮವಾಯಿತು, ದುರ್ಗಂ ಚೆರುವಿನ ಸುತ್ತಲಿನ ಮನೆಗಳಿಗೆ ನೋಟಿಸು ಹೋಯಿತು, 2025ರ ಜನವರಿಯಲ್ಲಿ ಅಯ್ಯಪ್ಪ ಸೊಸೈಟಿಯ ಬಹುಮಹಡಿ ಕಟ್ಟಡವೊಂದು ಉರುಳಿತು. ಅಂದಿನಿಂದ ಕೊಳ್ಳುವವನು ಮೊದಲು ಕೇಳುವುದು ಕೆರೆಯ ಎಫ್‌ಟಿಎಲ್ (ಪೂರ್ಣ ನೀರಿನ ಮಟ್ಟದ) ಗಡಿ, ಬಫರ್ ವಲಯ, ಮಂಜೂರಾದ ನಕ್ಷೆ, ಓಸಿ (ವಾಸಯೋಗ್ಯತಾ ಪತ್ರ). ಈ ಅನುಮಾನಕ್ಕೆ ರಿಯಾಯಿತಿ ಮದ್ದಲ್ಲ. ಐದು ಲಕ್ಷ ಇಳಿಸಿದರೆ ಅನುಮಾನ ಹೆಚ್ಚಾಗುತ್ತದೆ. ಇಂಥ ಕಡೆ ಕಾಗದಪತ್ರ ಜೋಡಿಸುವ ಕೆಲಸ ಮುಂದು, ಚೌಕಾಸಿ ಹಿಂದು. ಒಂದು ಪಾಲು ನಗದು ಕೊಡಿ ಎನ್ನುವ ಹಳೆಯ ಚಾಳಿಯೂ ಬ್ಯಾಂಕ್ ಸಾಲದ ಮೇಲೆ ನಿಂತ ಗಿರಾಕಿಯನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತದೆ. ಮನೆ ಮಾರಾಟದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದು 2015ರಿಂದಲೇ ನಿಷಿದ್ಧ, ಪಡೆದಷ್ಟೂ ದಂಡ.

ಕಾಗದ ಸರಿಯಿದ್ದ ಮನೆಗೆ ಹೊಸ ಗೋಪುರಗಳ ಎದುರು ನಿಲ್ಲುವ ಬಲವೂ ಇದೆ. ಕಟ್ಟುತ್ತಿರುವ ಫ್ಲ್ಯಾಟಿಗೆ ಶೇ 7.5ರ ಮುದ್ರಾಂಕ ಮತ್ತು ನೋಂದಣಿ ವೆಚ್ಚದ ಜೊತೆ ಶೇ 5 ಜಿಎಸ್‌ಟಿ ತೆರಬೇಕು, ಓಸಿ ಸಿಕ್ಕ ಹಳೆಯ ಮನೆಗೆ ಜಿಎಸ್‌ಟಿ ಇಲ್ಲ. ಒಂದು ಕೋಟಿಗೆ ಐದು ಲಕ್ಷದ ವ್ಯತ್ಯಾಸ. 2019ರಿಂದ ಹೈಟೆಕ್ ಸಿಟಿಗೆ ಮೆಟ್ರೊ ಇದೆ, ಗೃಹಪ್ರವೇಶಕ್ಕೆ ಮೂರು ವರ್ಷ ಕಾಯಬೇಕಿಲ್ಲ. ಈ ಲೆಕ್ಕವನ್ನೂ, ಅದೇ ಕಟ್ಟಡದಲ್ಲಿ ಇತ್ತೀಚೆಗೆ ನೋಂದಣಿಯಾದ ಮಾರಾಟಗಳ ಇಸಿಯನ್ನೂ (ಋಣಭಾರ ಪತ್ರ) ಗಿರಾಕಿಯ ಮುಂದಿಡುವ ಮಾಲೀಕರು ಕಡಿಮೆ. ಹೆಚ್ಚಿನವರು ಪಕ್ಕದ ಬ್ಲಾಕಿನಲ್ಲಿ ಯಾರೋ ಎಷ್ಟಕ್ಕೋ ಮಾರಿದರಂತೆ ಎಂಬಲ್ಲಿಂದಲೇ ಮಾತು ಶುರುಮಾಡುತ್ತಾರೆ.