ಗಣಕಯಂತ್ರದ ರಕ್ಷಣೆಯೂ ನಮ್ಮ ಕರ್ತವ್ಯವೂ

ನಮ್ಮ ಶಾಲೆಯ ಗಣಕಯಂತ್ರಗಳ ಕೊಠಡಿಗೆ ಬಂದವರೆಲ್ಲರೂ ಕಿಟಕಿಯ ಬಳಿಯ ಯಂತ್ರದ ಮೇಲಿರುವ ಚೀಟಿಯನ್ನು ಕಂಡಿರಬೇಕು. "ಯಂತ್ರವು ಚೆನ್ನಾಗಿ ನಡೆಯುತ್ತಿದೆ. ಯಾರೂ ಅಪ್‌ಡೇಟ್ ಮಾಡಬಾರದು" ಎಂದು ಅದರಲ್ಲಿ ಕೆಂಪು ಶಾಯಿಯಿಂದ ಬರೆದಿದೆ. ಬರೆದವರು ಬೇರೆ ಯಾರೂ ಅಲ್ಲ, ನಾವೇ. ಕೊಠಡಿಯ ಮೇಲ್ವಿಚಾರಣೆಯನ್ನು ಗುರುಗಳು ನಮ್ಮ ಇಯತ್ತೆಯ ಕೆಲವರಿಗೆ ವಹಿಸಿಕೊಟ್ಟ ಹೊಸದರಲ್ಲಿ, ವಾರ್ಷಿಕೋತ್ಸವದ ಹಿಂದಿನ ದಿನ, ನಾವು ಬಹು ಉತ್ಸಾಹದಿಂದ ಆ ಯಂತ್ರವನ್ನು ಅಪ್‌ಡೇಟ್ ಮಾಡಿದೆವು. ಮುಗಿದ ಮೇಲೆ ನೋಡಿದರೆ ಪ್ರಿಂಟರು ಮುಷ್ಕರ ಹೂಡಿತ್ತು! ಕಾರ್ಯಕ್ರಮ ಪತ್ರಿಕೆಗಳನ್ನು ಹೊರಗಿನ ಝೆರಾಕ್ಸ್ ಅಂಗಡಿಯಲ್ಲಿ ಹಣ ತೆತ್ತು ಮಾಡಿಸಬೇಕಾಯಿತು. ಗುರುಗಳು ಎರಡು ದಿನ ಶ್ರಮಪಟ್ಟು, ಪ್ರಿಂಟರಿನ ಹಳೆಯ ತಂತ್ರಾಂಶವನ್ನೇ ಮರಳಿ ಹಾಕಿ ಅದನ್ನು ದಾರಿಗೆ ತಂದರು. ಆ ಸಂಜೆಯೇ ಚೀಟಿ ಹುಟ್ಟಿತು. ತನ್ನಷ್ಟಕ್ಕೆ ತಾನೇ ಪರಿಷ್ಕರಣಗಳನ್ನು ಹಾಕಿಕೊಳ್ಳುವಂತೆ ಆ ಯಂತ್ರದಲ್ಲಿದ್ದ ಏರ್ಪಾಡನ್ನೂ ಅಂದೇ ನಿಲ್ಲಿಸಿಬಿಟ್ಟೆವು.

ಆ ಚೀಟಿಯನ್ನು ನಾವೇ ಕಿತ್ತುಹಾಕಬೇಕೆಂಬುದೇ ಈ ಲೇಖನದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಕ್ರಮವಾಗಿ ನಿವೇದಿಸುತ್ತೇವೆ.

ನಮ್ಮ ಶಾಲೆಯ ಯಂತ್ರಗಳೆಲ್ಲವೂ ಲಿನಕ್ಸ್ ವ್ಯವಸ್ಥೆಯಿಂದ ನಡೆಯತಕ್ಕವು. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ ತರುಣರು ೧೯೯೧ರಲ್ಲಿ ಇದರ ತಿರುಳನ್ನು ರಚಿಸಿ ಲೋಕದ ಮುಂದಿಟ್ಟರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ನಮ್ಮ ಮನೆಗಳಲ್ಲಿರುವ ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಇದೇ ತಿರುಳು. ಇಷ್ಟು ಕೀರ್ತಿ ಬಂದ ಕೂಡಲೆ ಅದರ ಬೆನ್ನಿಗೆ ಒಂದು ತಪ್ಪು ನಂಬಿಕೆಯೂ ಬಂದಿತು. "ಲಿನಕ್ಸಿಗೆ ವೈರಸ್ ತಗಲುವುದಿಲ್ಲ, ಆದುದರಿಂದ ನಾವು ಮಾಡಬೇಕಾದುದು ಏನೂ ಇಲ್ಲ" ಎಂದು ಹೇಳುವವರು ನಮ್ಮಲ್ಲಿಯೇ ಅನೇಕರಿದ್ದಾರೆ.

ಈ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಲಿನಕ್ಸಿನಲ್ಲಿ ಸಾಮಾನ್ಯ ಬಳಕೆದಾರನಿಗೆ ಯಂತ್ರದ ಮೇಲೆ ಸರ್ವಾಧಿಕಾರವಿಲ್ಲ. ಮುಖ್ಯವಾದ ಬದಲಾವಣೆಯನ್ನು ಮಾಡಬೇಕಾದರೆ 'ಸುಡೊ' ಎಂಬ ಆಜ್ಞೆಯಿಂದ ಅಧಿಕಾರವನ್ನು ಕೇಳಿ ಪಡೆಯಬೇಕು. ಅದರ ಮೂಲ ಬರವಣಿಗೆಯನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು. ಆದರೆ ಬರೆದವರು ಮನುಷ್ಯರೇ ಆದುದರಿಂದ ತಪ್ಪುಗಳು ಇದ್ದೇ ಇರುತ್ತವೆ. ಜಾಲತಾಣಗಳಿಗೂ ನಮಗೂ ನಡುವೆ ಹೋಗಿಬರುವ ಸಂದೇಶಗಳನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ೨೦೧೨ರಲ್ಲಿ ಒಂದು ದೋಷವು ನುಸುಳಿತು. ಅದರ ಮೂಲಕ ದೂರದಲ್ಲಿ ಕುಳಿತವನು ಯಂತ್ರದ ಸ್ಮರಣೆಯಿಂದ ಒಂದೊಂದು ಸಲಕ್ಕೆ ೬೪ ಕಿಲೋಬೈಟುಗಳಷ್ಟನ್ನು ಕದ್ದು ಓದಬಹುದಾಗಿತ್ತು. ಎಲ್ಲರ ಕಣ್ಣೆದುರಿಗೇ ಇದ್ದ ಆ ತಪ್ಪು ಎರಡು ವರ್ಷಗಳ ಕಾಲ ಬೆಳಕಿಗೆ ಬರಲಿಲ್ಲ. ೨೦೧೪ರ ಏಪ್ರಿಲ್ ೭ರಂದು ಅದು 'ಹಾರ್ಟ್‌ಬ್ಲೀಡ್' ಎಂಬ ಹೆಸರಿನಿಂದ ಪ್ರಕಟವಾಯಿತು. ಅಂದೇ ಅದಕ್ಕೆ ಪರಿಹಾರವೂ ಹೊರಬಿದ್ದಿತು. ಲಿನಕ್ಸಿನ ಹಿರಿಮೆ ಇರುವುದು ಇಲ್ಲಿ: ತಪ್ಪು ಗೊತ್ತಾದೊಡನೆ ಅದನ್ನು ತಿದ್ದಿ, ತಿದ್ದಿದುದನ್ನು ಕಾಸಿಲ್ಲದೆ ಎಲ್ಲರಿಗೂ ಹಂಚುವ ಜನರು ಜಗತ್ತಿನಾದ್ಯಂತ ಇದ್ದಾರೆ. ಆದರೆ ಬೇಡವೆಂದು ಬಾಗಿಲು ಮುಚ್ಚಿಕೊಂಡವರ ಮನೆಗೆ ಆ ತಿದ್ದುಪಡಿಯು ಹೇಗೆ ಬಂದೀತು?

ಪರಿಷ್ಕರಣವನ್ನು ಮುಂದೂಡುವುದರಲ್ಲಿ ಇನ್ನೊಂದು ಅಪಾಯವಿದೆ. ಪರಿಹಾರವು ಪ್ರಕಟವಾದ ದಿನವೇ ದೋಷವು ಎಲ್ಲಿತ್ತೆಂಬುದು ಕಳ್ಳರಿಗೂ ತಿಳಿದುಹೋಗುತ್ತದೆ. ಅಂದಿನಿಂದ ಅವರು ಪರಿಹಾರ ಹಾಕಿಕೊಳ್ಳದ ಯಂತ್ರಗಳನ್ನೇ ಹುಡುಕುತ್ತಾ ಹೊರಡುತ್ತಾರೆ. ಅಮೆರಿಕದಲ್ಲಿ ಜನರ ಸಾಲದ ಲೆಕ್ಕವನ್ನಿಡುವ ಈಕ್ವಿಫ್ಯಾಕ್ಸ್ ಎಂಬ ದೊಡ್ಡ ಸಂಸ್ಥೆಯ ಪಾಡು ಇದಕ್ಕೆ ನಿದರ್ಶನ. ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ದೋಷಕ್ಕೆ ೨೦೧೭ರ ಮಾರ್ಚಿಯಲ್ಲಿಯೇ ಪರಿಹಾರ ಬಂದಿತ್ತು. ಸಂಸ್ಥೆಯ ಒಂದು ವ್ಯವಸ್ಥೆಯಲ್ಲಿ ಅದನ್ನು ಹಾಕದೆ ಬಿಟ್ಟರು. ಮೇ ತಿಂಗಳಲ್ಲಿ ಕಳ್ಳರು ಆ ದಾರಿಯಿಂದಲೇ ಒಳಹೊಕ್ಕು, ಸುಮಾರು ೧೪ ಕೋಟಿ ೭೦ ಲಕ್ಷ ಜನರ ಖಾಸಗಿ ವಿವರಗಳನ್ನು ಕೊಂಡೊಯ್ದರು. ಆಮೇಲೆ ನಡೆದ ತಿದ್ದುಪಡಿಗಳೆಲ್ಲ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ನಮ್ಮ ಉಬುಂಟು ಯಂತ್ರಗಳಲ್ಲಿ ಮಾಡಬೇಕಾದ ಕೆಲಸವಾದರೋ ಬಹಳ ಸುಲಭ. 'ಸುಡೊ ಆಪ್ಟ್ ಅಪ್‌ಡೇಟ್' ಎಂಬುದು ಮೊದಲನೆಯ ಆಜ್ಞೆ. 'ಸುಡೊ ಆಪ್ಟ್ ಅಪ್‌ಗ್ರೇಡ್' ಎಂಬುದು ಎರಡನೆಯದು. ಮೊದಲನೆಯದು ಭಂಡಾರದಲ್ಲಿ ಏನೇನು ಹೊಸದಾಗಿ ಬಂದಿದೆಯೆಂಬ ಪಟ್ಟಿಯನ್ನು ಮಾತ್ರ ತರುತ್ತದೆ. ಎರಡನೆಯದು ಸಾಮಾನನ್ನು ತಂದು ಹಾಕುತ್ತದೆ. ಮೊದಲನೆಯದನ್ನಷ್ಟೇ ಮಾಡಿ ಕೆಲಸ ಮುಗಿಯಿತೆಂದು ತಿಳಿಯುವುದು, ದಿನಸಿಯ ಚೀಟಿ ಬರೆದಿಟ್ಟು ಅಡಿಗೆಯಾಯಿತೆಂದು ತಿಳಿದಂತೆ. ಕರ್ನೆಲ್ ಎಂಬ ತಿರುಳೇ ಹೊಸದಾದರೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಹೊರಡಿಸಬೇಕು. ಇಲ್ಲದಿದ್ದರೆ ಹಳೆಯದೇ ನಡೆಯುತ್ತಿರುತ್ತದೆ. ಒಂದೊಂದು ಆವೃತ್ತಿಗೂ ಆಯುಸ್ಸು ಇದೆಯೆಂಬುದನ್ನೂ ಮರೆಯಬಾರದು. ೨೦೧೮ರ ಏಪ್ರಿಲಿನಲ್ಲಿ ಬಂದ ಉಬುಂಟುವಿನ ಸಾಮಾನ್ಯ ಪೋಷಣೆಯು ಐದು ವರ್ಷಗಳ ಬಳಿಕ, ೨೦೨೩ರಲ್ಲಿ, ಮುಗಿದುಹೋಯಿತು. ಅಂತಹ ಯಂತ್ರವು ಹೊಸ ಪರಿಷ್ಕರಣಗಳಿಲ್ಲವೆಂದು ಹೇಳಿದರೆ, ಅದು ಕ್ಷೇಮವಾಗಿದೆಯೆಂದಲ್ಲ, ಅದನ್ನು ನೋಡಿಕೊಳ್ಳುವವರು ಬಿಟ್ಟುಹೋಗಿದ್ದಾರೆಂದು ಅರ್ಥಮಾಡಿಕೊಳ್ಳಬೇಕು.

ಇನ್ನು ತಂತ್ರಾಂಶವನ್ನು ಎಲ್ಲಿಂದ ತರಬೇಕೆಂಬ ಪ್ರಶ್ನೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ತಂತ್ರಾಂಶವು ಪ್ಯಾಕೇಜ್ ಎಂಬ ಗಂಟಿನ ರೂಪದಲ್ಲಿ ಭಂಡಾರವೊಂದರಲ್ಲಿ ಸಿದ್ಧವಾಗಿರುತ್ತದೆ. ಭಂಡಾರದ ಪಟ್ಟಿಗೆ ಅದನ್ನು ನಡೆಸುವವರ ಗುಪ್ತಲಿಪಿಯ ಮುದ್ರೆಯಿರುತ್ತದೆ. ಪಟ್ಟಿಯಲ್ಲಿ ಒಂದೊಂದು ಗಂಟಿನ ಗುರುತೂ ಬರೆದಿರುತ್ತದೆ. ದಾರಿಯಲ್ಲಿ ಯಾರಾದರೂ ಒಂದಕ್ಷರವನ್ನು ಬದಲಿಸಿದರೂ ಗುರುತು ತಾಳೆಯಾಗದೆ, ಯಂತ್ರವು ಅದನ್ನು ತಿರಸ್ಕರಿಸುತ್ತದೆ. ಕನ್ನಡದ ಮಕ್ಕಳಾದ ನಮಗೆ ಈ ಭಂಡಾರದಿಂದ ಆಗಿರುವ ಉಪಕಾರವು ಸಣ್ಣದಲ್ಲ. ನಮ್ಮ ಯಂತ್ರಗಳಲ್ಲಿರುವ 'ಗುಬ್ಬಿ', 'ನವಿಲು' ಎಂಬ ಕನ್ನಡ ಅಕ್ಷರಮಾಲೆಗಳು ಅಲ್ಲಿಂದಲೇ ಬಂದವು. ಡೆಬಿಯನ್ ಭಂಡಾರದಲ್ಲಿ ಅವುಗಳಿಗೂ ಸ್ಥಾನವಿದೆ. ಹೀಗಿದ್ದರೂ ನಮ್ಮಲ್ಲಿ ಕೆಲವರು ಅಕ್ಷರಮಾಲೆಗೋ ಆಟಕ್ಕೋ ಗುರುತಿಲ್ಲದ ಜಾಲತಾಣಗಳಿಗೆ ಹೋಗಿ, ಸಿಕ್ಕಿದುದನ್ನು ಇಳಿಸಿಕೊಂಡು, ಅದಕ್ಕೆ 'ಸುಡೊ' ಅಧಿಕಾರವನ್ನೂ ಕೊಟ್ಟುಬಿಡುತ್ತಾರೆ. ದಾರಿಹೋಕನ ಕೈಗೆ ಮನೆಯ ಬೀಗದಕೈ ಕೊಡುವುದಕ್ಕೂ ಇದಕ್ಕೂ ಭೇದವಿಲ್ಲ. ೨೦೧೬ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಪ್ರಸಿದ್ಧ ಆವೃತ್ತಿಯ ಜಾಲತಾಣಕ್ಕೇ ಕಳ್ಳರು ನುಗ್ಗಿ, ಇಳಿಸಿಕೊಳ್ಳಲು ಬಂದವರಿಗೆ ಕಳ್ಳಬಾಗಿಲುಳ್ಳ ನಕಲು ಪ್ರತಿಯು ಸಿಕ್ಕುವಂತೆ ಮಾಡಿದ್ದರು. ಮುದ್ರೆಯನ್ನು ತಾಳೆ ನೋಡುವ ಅಭ್ಯಾಸವಿದ್ದವರಿಗೆ ಆ ನಕಲು ಗೊತ್ತಾಗುತ್ತಿತ್ತು.

ಭಂಡಾರವನ್ನು ನಂಬಿ ಕಣ್ಣು ಮುಚ್ಚಿ ಕುಳಿತಿರಬಹುದೆಂದೂ ನಾವು ಹೇಳುವುದಿಲ್ಲ. ೨೦೨೪ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ತಮ್ಮ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ತಡವಾಗುತ್ತಿರುವುದನ್ನು ಗಮನಿಸಿದರು. ಅರ್ಧ ಸೆಕೆಂಡಿಗೆ ಬೇರೆಯವರಾದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವರಾದರೋ ಬೆನ್ನುಹತ್ತಿ ಹುಡುಕಿ, 'ಎಕ್ಸ್‌ಜೆಡ್' ಎಂಬ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಇಟ್ಟಿದ್ದ ಕಳ್ಳಬಾಗಿಲನ್ನು ಕಂಡುಹಿಡಿದರು. ಡೆಬಿಯನ್ನಿನಲ್ಲಿ ಪರೀಕ್ಷೆಗಾಗಿ ಇಟ್ಟಿದ್ದ ಆವೃತ್ತಿಗೆ ಅದು ಬಂದು ಸೇರಿತ್ತು. ಜನಸಾಮಾನ್ಯರು ಬಳಸುವ ಸ್ಥಿರ ಆವೃತ್ತಿಗೆ ಇನ್ನೂ ಬಂದಿರಲಿಲ್ಲ. ಹೊಸದೆಲ್ಲವೂ ಒಳ್ಳೆಯದಲ್ಲ, ಹಳೆಯದೆಲ್ಲವೂ ಭದ್ರವಲ್ಲ. ಸ್ಥಿರ ಆವೃತ್ತಿಯನ್ನು ಇಟ್ಟುಕೊಂಡು ಅದರ ರಕ್ಷಣೆಯ ಪರಿಷ್ಕರಣಗಳನ್ನು ತಡಮಾಡದೆ ಹಾಕಿಕೊಳ್ಳುವುದೇ ನಮ್ಮಂಥವರಿಗೆ ನಡುಮಾರ್ಗ.

ಮೂರನೆಯದು ಫೈರ್‌ವಾಲ್. ಯಂತ್ರಗಳಿಗೆ ಪೋರ್ಟ್ ಎಂಬ ಬಾಗಿಲುಗಳುಂಟು. ಅವುಗಳ ಸಂಖ್ಯೆ ೬೫,೫೩೫ರವರೆಗೆ ಹೋಗುತ್ತದೆ. ಯಾವುದಾದರೊಂದು ತಂತ್ರಾಂಶವು ಬಾಗಿಲ ಹಿಂದೆ ಕಿವಿಗೊಟ್ಟು ಕುಳಿತಿದ್ದರೆ, ಹೊರಗಿನಿಂದ ತಟ್ಟಿದವರಿಗೆ ಅದು ಉತ್ತರ ಕೊಡುತ್ತದೆ. ಯಾರಿಗೆ ಉತ್ತರ ಕೊಡಬೇಕು, ಯಾರಿಗೆ ಕೂಡದು ಎಂದು ನಿರ್ಧರಿಸುವ ಕಾವಲುಗಾರನೇ ಫೈರ್‌ವಾಲ್. ಉಬುಂಟುವಿನಲ್ಲಿ 'ಯುಎಫ್‌ಡಬ್ಲ್ಯು' ಎಂಬ ಕಾವಲುಗಾರನು ಮೊದಲಿನಿಂದಲೇ ಇರುತ್ತಾನೆ, ಆದರೆ ನಾವು ಎಬ್ಬಿಸುವವರೆಗೆ ನಿದ್ರಿಸುತ್ತಿರುತ್ತಾನೆ. 'ಸುಡೊ ಯುಎಫ್‌ಡಬ್ಲ್ಯು ಎನೇಬಲ್' ಎಂದರೆ ಎದ್ದು ನಿಲ್ಲುತ್ತಾನೆ. ಒಳಗಿನಿಂದ ಹೊರಹೋಗುವವರನ್ನು ಬಿಡುತ್ತಾನೆ, ಕರೆಯದೆ ಬಂದವರನ್ನು ತಡೆಯುತ್ತಾನೆ. ದೂರದಿಂದ ನಿರ್ವಹಿಸುವ ಯಂತ್ರವಾದರೆ, ಆ ಪ್ರವೇಶಕ್ಕೆ ಬೇಕಾದ ಬಾಗಿಲಿಗೆ ಮೊದಲು ಅಪ್ಪಣೆ ಕೊಟ್ಟಿರಬೇಕು. ಇಲ್ಲವಾದರೆ ಯಜಮಾನನೇ ಹೊರಗುಳಿಯಬೇಕಾದೀತು. ಆದರೆ ನಾವೇ ಕೈಹಿಡಿದು ಒಳಗೆ ಕರೆತಂದ ಕಳ್ಳನನ್ನು ಯಾವ ಕಾವಲುಗಾರನೂ ತಡೆಯಲಾರನು.

"ಶಾಲೆಯ ಯಂತ್ರದಲ್ಲಿ ಕದಿಯುವಂಥದು ಏನಿದೆ?" ಎಂದು ಕೆಲವರು ಕೇಳುತ್ತಾರೆ. ನಮ್ಮೆಲ್ಲರ ವಿಳಾಸಗಳು, ತಂದೆತಾಯಿಗಳ ದೂರವಾಣಿ ಸಂಖ್ಯೆಗಳು, ಅಂಕಪಟ್ಟಿಗಳು ಅದರಲ್ಲಿವೆ. ಅವೇನೂ ಇಲ್ಲವೆಂದೇ ಇಟ್ಟುಕೊಂಡರೂ ಯಂತ್ರವೇ ಕಳ್ಳನಿಗೆ ಬೇಕಾದ ವಸ್ತು. ೨೦೧೬ರಲ್ಲಿ 'ಮಿರೈ' ಎಂಬ ದುಷ್ಟ ತಂತ್ರಾಂಶವು, ಲಿನಕ್ಸಿನಿಂದ ನಡೆಯುವ ಕಾವಲು ಕ್ಯಾಮರಾಗಳೂ ರೂಟರುಗಳೂ ಇರುವೆಡೆಗಳಲ್ಲಿ ತೆರೆದ ಬಾಗಿಲುಗಳನ್ನು ತಟ್ಟಿ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನೇ ಬದಲಿಸದೆ ಉಳಿಸಿಕೊಂಡಿದ್ದ ಲಕ್ಷಾಂತರ ಯಂತ್ರಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ ೨೧ರಂದು ಆ ಸೇನೆಯನ್ನು ಡೈನ್ ಎಂಬ ಸಂಸ್ಥೆಯ ಮೇಲೆ ಹರಿಯಬಿಟ್ಟುದರಿಂದ, ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸಿಕ್ಕದಂತಾದವು. ಕ್ಯಾಮರಾದ ಒಡೆಯರಿಗೆ ತಮ್ಮ ವಸ್ತುವು ಪರರಿಗೆ ಕೇಡು ಮಾಡುತ್ತಿದೆಯೆಂಬ ಅರಿವೇ ಇರಲಿಲ್ಲ. ಮುಂಬಯಿಯ ಚಾಳುಗಳಲ್ಲಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆಳಗಿನ ಬಾಗಿಲನ್ನು ರಾತ್ರಿ ತೆರೆದಿಟ್ಟು ಮಲಗಿದವನು, ತನ್ನ ಕೋಣೆಯಲ್ಲಿ ಏನೂ ಇಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲಾಗದು. ಮೇಲಿನ ಮನೆಗಳವರಿಗೆಲ್ಲ ಅವನು ಉತ್ತರ ಹೇಳಬೇಕಾಗುತ್ತದೆ. ಯಂತ್ರದ ರಕ್ಷಣೆಯನ್ನು ನಾವು ಕರ್ತವ್ಯವೆಂದು ಕರೆದುದು ಈ ಕಾರಣದಿಂದಲೇ.

ಈಗ ನಮ್ಮ ಪ್ರಿಂಟರಿನ ವಿಷಯಕ್ಕೆ ಬರೋಣ. ಪರಿಷ್ಕರಣದಿಂದ ಕೆಲಸ ಕೆಡಬಹುದೆಂಬ ಭಯವು ಸುಳ್ಳಲ್ಲ. ಅದನ್ನು ಅನುಭವಿಸಿದವರು ನಾವು. ಆದರೆ ಶಾಂತವಾಗಿ ಯೋಚಿಸಿದರೆ ತಪ್ಪು ಪರಿಷ್ಕರಣದ್ದಕ್ಕಿಂತ ಹೆಚ್ಚಾಗಿ ನಮ್ಮದೇ. ಉತ್ಸವದ ಹಿಂದಿನ ದಿನ ಅಂಥ ಕೆಲಸಕ್ಕೆ ಕೈಹಾಕಬಾರದಿತ್ತು. ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕಾಗಿತ್ತು. ಪ್ರಿಂಟರಿಗೆ ಸೇರಿದ ಯಂತ್ರದ ಬದಲು ಬೇರೊಂದರಲ್ಲಿ ಮೊದಲು ಮಾಡಿ ನೋಡಬೇಕಾಗಿತ್ತು. ಇದಾವುದನ್ನೂ ಮಾಡದೆ ಔಷಧವನ್ನೇ ದೂರಿದೆವು. ಕೊಠಡಿಯ ಉಳಿದ ಯಂತ್ರಗಳು ಮುಂದಿನ ತಿಂಗಳು ಪರಿಷ್ಕರಣಗಳನ್ನು ಪಡೆದ ಮೇಲೆ ಅದೇ ಪ್ರಿಂಟರಿನೊಡನೆ ಸರಿಯಾಗಿಯೇ ಕೆಲಸ ಮಾಡಿದವು. ಆದರೂ ಚೀಟಿಯನ್ನು ತೆಗೆಯಲು ನಮಗೆ ಧೈರ್ಯ ಬರಲಿಲ್ಲ. ಗುರುಗಳೂ ಬೈಯಲಿಲ್ಲ. ಆದುದರಿಂದಲೇ ಈ ಮಾತನ್ನು ನಾವಾಗಿ ಬರೆಯಬೇಕಾಯಿತು.

ನಮ್ಮ ಸೂಚನೆಯು ಇಷ್ಟೇ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆಯನ್ನು ಈ ಕೆಲಸಕ್ಕೆ ಮೀಸಲಿಡೋಣ. ಕಡತಗಳ ಪ್ರತಿ ತೆಗೆದು, ಒಂದು ಯಂತ್ರದಲ್ಲಿ ಪರಿಷ್ಕರಣವನ್ನು ಹಾಕಿ, ಕನ್ನಡದಲ್ಲಿ ಒಂದು ಪುಟ ಅಚ್ಚುಮಾಡಿ ನೋಡಿ, ಸರಿಯಾಗಿದ್ದರೆ ಉಳಿದವುಗಳಿಗೂ ಹಾಕೋಣ. ಫೈರ್‌ವಾಲ್ ಎಚ್ಚರವಾಗಿದೆಯೇ ಎಂದು ವಿಚಾರಿಸೋಣ; ಬೇಡವಾದ ಪ್ಯಾಕೇಜುಗಳನ್ನು ತೆಗೆದುಹಾಕೋಣ. ದಿನಾಂಕ, ಮಾಡಿದ ಕೆಲಸ, ಮಾಡಿದವರ ಹೆಸರು, ಕೆಟ್ಟಿದ್ದರೆ ಕೆಟ್ಟುದು, ಇವೆಲ್ಲವನ್ನೂ ಒಂದು ಹಾಜರಿ ಪುಸ್ತಕದಂಥ ಪುಸ್ತಕದಲ್ಲಿ ಬರೆದಿಡೋಣ.

ಒಂಬತ್ತನೆಯ ಇಯತ್ತೆಯ ಸಹೋದರ ಸಹೋದರಿಯರೇ! ಈ ಸಂಚಿಕೆಯು ನಿಮ್ಮ ಕೈಸೇರುವ ವೇಳೆಗೆ ಹತ್ತನೆಯ ಇಯತ್ತೆಯ ನಾವು ಪರೀಕ್ಷೆ ಮುಗಿಸಿ ಈ ಶಾಲೆಯಿಂದ ಬೀಳ್ಕೊಳ್ಳುತ್ತಿರುತ್ತೇವೆ. ಕೊಠಡಿಯ ಬೀಗದಕೈ ನಿಮ್ಮ ಕೈಗೆ ಬರುತ್ತದೆ. ಕಿಟಕಿಯ ಬಳಿಯ ಯಂತ್ರದ ಮೇಲೆ ಚೀಟಿ ಇರುವುದಿಲ್ಲ. ಪಕ್ಕದ ಗೂಟಕ್ಕೆ ನೇತುಹಾಕಿದ ಪುಸ್ತಕವಿರುತ್ತದೆ. ಅದರ ಮೊದಲ ಪುಟವನ್ನು ನಾವು ತುಂಬಿದ್ದೇವೆ. ಮುಂದಿನ ಶನಿವಾರದ ಸಾಲು ಖಾಲಿಯಾಗಿದೆ. ಅದನ್ನು ಖಾಲಿ ಬಿಡಬೇಡಿರೆಂಬುದೇ ನಮ್ಮ ಬಿನ್ನಹ.