ಹಳೆಯ ವಿಮಾನಕ್ಕೆ ಹೆಸರಿಡುವ ಮುನ್ನ

ಮಾನವನು ಹಾರಲು ಕಲಿತ ಮೊದಲ ಹತ್ತು ಹದಿನೈದು ವರ್ಷಗಳಲ್ಲಿ ತೆಗೆದ ವಿಮಾನಗಳ ಛಾಯಾಚಿತ್ರಗಳು ಗಾಜಿನ ಫಲಕಗಳಲ್ಲಿಯೂ ಅಂಚೆಕಾರ್ಡುಗಳಲ್ಲಿಯೂ ಹಳೆಯ ಪತ್ರಿಕೆಗಳಲ್ಲಿಯೂ ಇಂದಿಗೂ ಹೇರಳವಾಗಿ ಉಳಿದಿವೆ. ರೈಟ್ ಸಹೋದರರ ಯಂತ್ರವನ್ನಾಗಲಿ, ೧೯೦೯ರ ಜುಲೈ ೨೫ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ ಬ್ಲೆರಿಯೋನ ಒಂಟಿರೆಕ್ಕೆಯ ವಿಮಾನವನ್ನಾಗಲಿ ಗುರುತಿಸುವುದು ಕಷ್ಟವಲ್ಲ. ಆದರೆ ಒಂದೇ ಒಂದು ಯಂತ್ರವನ್ನು ಕಟ್ಟಿ, ಒಂದೆರಡು ಬಾರಿ ನೆಲಬಿಟ್ಟೆದ್ದು, ಇಲ್ಲವೇ ಏಳದೆಯೇ ಮುರಿದುಬಿದ್ದು, ಜನರ ನೆನಪಿನಿಂದ ಮರೆಯಾದವರು ಎಷ್ಟೋ ಮಂದಿ. ಅವರ ಯಂತ್ರಗಳ ಚಿತ್ರಗಳು ಹೆಸರಿಲ್ಲದೆಯೋ ತಪ್ಪು ಹೆಸರಿನಿಂದಲೋ ನಮ್ಮ ಕೈಸೇರುತ್ತವೆ. ಇವಕ್ಕೆ ಹೆಸರು ಹುಡುಕುವುದು ಇತ್ತೀಚೆಗೆ ಅನೇಕರಿಗೆ ಪ್ರಿಯವಾದ ಹವ್ಯಾಸ. ಇದು ಕೇವಲ ಹವ್ಯಾಸವಲ್ಲ, ಪ್ರಯೋಗಶಾಲೆಯ ಶಿಸ್ತನ್ನು ಬೇಡುವ ಕೆಲಸ ಎಂಬುದೇ ನಮ್ಮ ವಾದ.

ಶಿಸ್ತು ತಪ್ಪಿದರೆ ಏನಾಗುವುದೆಂಬುದಕ್ಕೆ ದೂರದ ಉದಾಹರಣೆ ಬೇಡ. ಅಮೆರಿಕದ ಗುಸ್ತಾವ್ ವೈಟ್‌ಹೆಡ್ ಎಂಬುವರು ೧೯೦೧ರ ಆಗಸ್ಟ್ ತಿಂಗಳಲ್ಲಿಯೇ, ಎಂದರೆ ರೈಟ್ ಸಹೋದರರಿಗಿಂತ ಎರಡು ವರ್ಷಕ್ಕೂ ಮೊದಲೇ, ಹಾರಿದರೆಂಬ ವಾದ ಬಹುಕಾಲದಿಂದ ಇದೆ. ಪತ್ರಿಕೆಯೊಂದರ ವರದಿ ಇತ್ತು. ಹಾರುತ್ತಿರುವ ಯಂತ್ರದ ಛಾಯಾಚಿತ್ರ ಮಾತ್ರ ಕೈಗೆ ಸಿಕ್ಕಿರಲಿಲ್ಲ. ೧೯೦೬ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಮಾನ ಪ್ರದರ್ಶನದ ಒಂದು ಚಿತ್ರದಲ್ಲಿ ಗೋಡೆಯ ಮೇಲೆ ತೂಗುಹಾಕಿದ ಚಿಕ್ಕ ಚಿಕ್ಕ ಪಟಗಳು ಕಾಣುತ್ತವೆ. ಅವುಗಳಲ್ಲಿ ಒಂದನ್ನು ಹಲವು ಪಟ್ಟು ಹಿಗ್ಗಿಸಿ, ಅದರಲ್ಲಿನ ಮಸುಕು ಆಕೃತಿಯೇ ಹಾರುತ್ತಿರುವ ವೈಟ್‌ಹೆಡ್ ಯಂತ್ರವೆಂದು ೨೦೧೩ರಲ್ಲಿ ಸಾರಲಾಯಿತು. ವಿಮಾನಗಳ ವಿಷಯದಲ್ಲಿ ಪ್ರಮಾಣಗ್ರಂಥವೆನಿಸಿದ ಜೇನ್ಸ್ ವಾರ್ಷಿಕದ ಮುನ್ನುಡಿಯೂ ಅದೇ ವರ್ಷ ವೈಟ್‌ಹೆಡ್ ಪಕ್ಷವನ್ನು ಹಿಡಿಯಿತು. ಕನೆಕ್ಟಿಕಟ್ ಸಂಸ್ಥಾನವು ಪ್ರಥಮ ಹಾರಾಟದ ಗೌರವವನ್ನು ಆತನಿಗೆ ಸಲ್ಲಿಸಿ ಶಾಸನವನ್ನೇ ಮಾಡಿತು.

ಮುಂದೆ ವಿಮಾನ ಇತಿಹಾಸಕಾರ ಕ್ಯಾರಲ್ ಗ್ರೇ ಆ ಮಸುಕು ಪಟದ ಸ್ಪಷ್ಟವಾದ ಮೂಲವನ್ನು ಹುಡುಕಿ ತೆಗೆದರು. ಅದರಲ್ಲಿದ್ದುದು ವೈಟ್‌ಹೆಡ್ ಯಂತ್ರವಲ್ಲ; ಜಾನ್ ಮಾಂಟ್ಗೊಮೆರಿ ಕಟ್ಟಿದ, ಎಂಜಿನೇ ಇಲ್ಲದ 'ಕ್ಯಾಲಿಫೋರ್ನಿಯಾ' ಎಂಬ ಗ್ಲೈಡರು. ಅದು ಹಾರುತ್ತಲೂ ಇರಲಿಲ್ಲ. ೧೯೦೫ರಲ್ಲಿ ಉದ್ಯಾನವೊಂದರಲ್ಲಿ ಪ್ರದರ್ಶನಕ್ಕಾಗಿ ಮರಗಳ ನಡುವೆ ತೂಗುಹಾಕಲ್ಪಟ್ಟಿತ್ತು! ೨೦೧೫ರಲ್ಲಿ ಪ್ರಕಾಶಕರು, ಆ ಮುನ್ನುಡಿಯು ಸಂಪಾದಕರ ಸ್ವಂತ ಅಭಿಪ್ರಾಯವೇ ಹೊರತು ಸಂಸ್ಥೆಯದಲ್ಲವೆಂದು ಸ್ಪಷ್ಟಪಡಿಸಬೇಕಾಯಿತು. ಇಲ್ಲಿ ಅನ್ಯಾಯವಾದದ್ದು ರೈಟ್ ಸಹೋದರರಿಗೆ ಮಾತ್ರವಲ್ಲ. ಮಾಂಟ್ಗೊಮೆರಿ ಹಾರಾಟಕ್ಕಾಗಿ ಜೀವಮಾನವನ್ನೇ ಸವೆಸಿ, ೧೯೧೧ರಲ್ಲಿ ತಮ್ಮದೇ ಗ್ಲೈಡರಿನ ಅಪಘಾತದಲ್ಲಿ ಮಡಿದವರು. ಅಂತಹವರ ಕೃತಿ ಇನ್ನೊಬ್ಬರ ಕೀರ್ತಿಗೆ ಸಾಕ್ಷಿಯಾಗಿ ನಿಂತಿತು.

ಹಾಗಾದರೆ ಗುರುತಿಸುವ ಬಗೆ ಹೇಗೆ? ಮೊದಲು ಅಳತೆ. ಯಂತ್ರದ ಪಕ್ಕದಲ್ಲಿ ನಿಂತ ಮನುಷ್ಯನ ಎತ್ತರ ಚಿತ್ರದಲ್ಲಿ ೫ ಮಿಲಿಮೀಟರ್, ರೆಕ್ಕೆಯ ಉದ್ದ ೨೩ ಮಿಲಿಮೀಟರ್ ಎಂದಿರಲಿ. ಮನುಷ್ಯನು ೧.೭ ಮೀಟರ್ ಎತ್ತರದವನಾದರೆ ರೆಕ್ಕೆ ಸುಮಾರು ೭.೮ ಮೀಟರ್. ಇದು ಕಾಲುವೆ ದಾಟಿದ ಬ್ಲೆರಿಯೋ ವಿಮಾನದ ಅಳತೆಯೇ ಸರಿ. ಆದರೆ ಮನುಷ್ಯನೂ ಯಂತ್ರವೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು; ರೆಕ್ಕೆ ನಮಗೆ ನೇರವಾಗಿ ಅಡ್ಡ ನಿಂತಿರಬೇಕು. ಯಂತ್ರವು ೩೦ ಡಿಗ್ರಿಯಷ್ಟು ಓರೆಯಾಗಿದ್ದರೆ ಅದೇ ರೆಕ್ಕೆ ೬.೮ ಮೀಟರಿನಂತೆ ತೋರುವುದು.

ಎರಡನೆಯದು ಚಲನೆ. ಪ್ರೊಪೆಲ್ಲರು ನಿಮಿಷಕ್ಕೆ ೧೨೦೦ ಸುತ್ತು ತಿರುಗುತ್ತಿದ್ದರೆ, ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಅದು ೭೨ ಡಿಗ್ರಿ ತಿರುಗಿರುತ್ತದೆ. ಅಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆದಿದ್ದರೆ ಅಲಗು ಮಸುಕಾಗಿಯೇ ಮೂಡಬೇಕು. ಆಕಾಶದಲ್ಲಿರುವ ವಿಮಾನದ ಪ್ರೊಪೆಲ್ಲರು ಗೆರೆ ಎಳೆದಷ್ಟು ಸ್ಪಷ್ಟವಾಗಿದ್ದರೆ, ಎಂಜಿನು ನಿಂತಿತ್ತೆ, ಕ್ಯಾಮೆರಾ ಅತಿ ವೇಗದ್ದೆ, ಅಥವಾ ಚಿತ್ರಕಾರನ ಕುಂಚವು ನಡುವೆ ಬಂದಿತೆ ಎಂದು ಕೇಳಲೇಬೇಕು. ಅಂಚೆಕಾರ್ಡು ಮಾರುವವರು ಖಾಲಿ ಆಕಾಶಕ್ಕೆ ವಿಮಾನವನ್ನು ಅಂಟಿಸಿದ್ದುಂಟು.

ಮೂರನೆಯದು ಬಣ್ಣ ಮತ್ತು ಎಡಬಲ. ಆ ಕಾಲದ ಬಹುತೇಕ ಫಲಕಗಳಿಗೆ ಕೆಂಪು ಕಾಣದು. ನೀಲಿಯಾದರೋ ಅತಿಯಾಗಿ ಕಾಣುವುದು. ಆದುದರಿಂದ ಫ್ರಾನ್ಸಿನ ತ್ರಿವರ್ಣದಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬಿಳಿಯ ಸಮೀಪಕ್ಕೂ ತೋರುತ್ತದೆ. ಗಾಜಿನ ಫಲಕವನ್ನು ತಿರುವಿಟ್ಟು ಅಚ್ಚು ತೆಗೆದರೆ ಎಡವು ಬಲವಾಗುವುದು. ೧೯೦೩ರ ರೈಟ್ ಯಂತ್ರದಲ್ಲಿ ಚಾಲಕನು ಮಧ್ಯದಿಂದ ಎಡಕ್ಕೆ ಮಲಗಿರುತ್ತಿದ್ದನು. ಎಂಜಿನು ಬಲಕ್ಕೆ ಇತ್ತು. ಎಂಜಿನಿನ ಹೆಚ್ಚಿನ ಭಾರವನ್ನು ತಾಳಲೆಂದು ಬಲರೆಕ್ಕೆಯನ್ನು ನಾಲ್ಕು ಅಂಗುಲ ಉದ್ದ ಮಾಡಿದ್ದರು. ಇಂತಹ ಒಂದು ವಿವರವೇ ತಿರುಗುಮುರುಗಾದ ಚಿತ್ರವನ್ನು ಬಯಲಿಗೆಳೆಯಬಲ್ಲುದು.

ಇಷ್ಟೆಲ್ಲ ನೋಡಿದ ಮೇಲೂ ಹೆಸರು ನಿಶ್ಚಯವಾಗದಿರಬಹುದು. ೧೯೧೦ರ ಬ್ರಿಸ್ಟಲ್ ಬಾಕ್ಸ್‌ಕೈಟ್ ವಿಮಾನವು ಫ್ರಾನ್ಸಿನ ಆನ್ರಿ ಫಾರ್ಮನ್ ಯಂತ್ರದ ಪ್ರತಿಕೃತಿಯೆನ್ನುವಷ್ಟು ಹತ್ತಿರದ್ದು. ಆಗಿನ ಕಾಲದಲ್ಲಿ ಒಬ್ಬರ ಯಂತ್ರವನ್ನು ನೋಡಿ ಇನ್ನೊಬ್ಬರು ಕಟ್ಟುವುದು, ಒಂದರ ಬಾಲವನ್ನು ಮತ್ತೊಂದಕ್ಕೆ ಜೋಡಿಸುವುದು ಸಾಮಾನ್ಯವಾಗಿತ್ತು. ಆಗ 'ಫಾರ್ಮನ್ ಮಾದರಿಯ ಎರಡು ಅಂತಸ್ತಿನ ರೆಕ್ಕೆಯ ವಿಮಾನ. ಕಟ್ಟಿದವರು ತಿಳಿಯದು' ಎಂದು ಬರೆದು ನಿಲ್ಲಿಸುವುದೇ ವಿಜ್ಞಾನ. 'ತಿಳಿಯದು' ಎಂಬ ಮಾತು ಮುಂದಿನವರಿಗೆ ಬಾಗಿಲನ್ನು ತೆರೆದಿಡುವುದು. ತಪ್ಪು ಹೆಸರು ಅದನ್ನು ಮುಚ್ಚಿಬಿಡುವುದು. ಒಮ್ಮೆ ಹೆಸರು ಬಿದ್ದ ಚಿತ್ರವನ್ನು ಮತ್ತೆ ಪರೀಕ್ಷಿಸಿ ನೋಡುವವರು ವಿರಳ.

ಅನುಭವಿಗಳ ಕಣ್ಣಿಗೆ ಈ ಲೆಕ್ಕಾಚಾರವೆಲ್ಲ ಏತಕ್ಕೆ, ಅವರು ನೋಡಿದೊಡನೆ ಹೇಳಬಲ್ಲರಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಅನುಭವದ ಬೆಲೆಯನ್ನು ನಾವು ಅಲ್ಲಗಳೆಯುವುದಿಲ್ಲ. ಎಲ್ಲಿ ಹುಡುಕಬೇಕೆಂದು ತೋರಿಸುವುದು ಅನುಭವವೇ. ಆದರೆ ತೀರ್ಪಿಗೆ ಕಾರಣವನ್ನು ಹೇಳದಿದ್ದರೆ ಅದನ್ನು ಇನ್ನೊಬ್ಬರು ಪರೀಕ್ಷಿಸುವುದು ಹೇಗೆ? ಇಂದು ಈ ಎಚ್ಚರಿಕೆಗೆ ಮತ್ತೊಂದು ಕಾರಣವೂ ಒದಗಿದೆ. ಮಸುಕು ಚಿತ್ರವನ್ನು ಕ್ಷಣದಲ್ಲಿ ತಿಳಿಗೊಳಿಸುವ ಕಂಪ್ಯೂಟರುಗಳು ಬಂದಿವೆ. ಫಲಕದ ಮೇಲೆ ಬೀಳದ ಬೆಳಕನ್ನು ಯಾವ ಯಂತ್ರವೂ ಮರಳಿ ತರಲಾರದು. ಅದು ತುಂಬುವುದು ತನ್ನ ಊಹೆಯನ್ನು. ಅಂತಹ ಚಿತ್ರದಲ್ಲಿ ಕಾಣುವ ತಂತಿಯೋ ಕೀಲೋ ಸಾಕ್ಷಿಯಾಗಲಾರದು.

ಆದುದರಿಂದ ಹಳೆಯ ಚಿತ್ರಗಳನ್ನು ಪ್ರಕಟಿಸುವವರಿಗೂ ಸಂಗ್ರಹಾಲಯದವರಿಗೂ ನಮ್ಮ ಸಲಹೆ ಇಷ್ಟೆ. ಮೊದಲು ಕಂಡದ್ದನ್ನು ಬರೆಯಿರಿ: ರೆಕ್ಕೆಗಳೆಷ್ಟು, ಬಾಲ ಎಲ್ಲಿ, ಪ್ರೊಪೆಲ್ಲರು ಮುಂದೋ ಹಿಂದೋ, ಚಕ್ರಗಳೆಷ್ಟು. ಅನಂತರ ಹೆಸರನ್ನು ಬರೆಯಿರಿ. ಹೆಸರಿನ ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ. ಮೂಲ ಫಲಕವು ಎಲ್ಲಿದೆಯೆಂಬುದನ್ನು ಬಿಡಬೇಡಿರಿ. ಬಿದಿರು, ಬಟ್ಟೆ, ತಂತಿಗಳನ್ನು ಕಟ್ಟಿ ಪ್ರಾಣವನ್ನೇ ಒತ್ತೆಯಿಟ್ಟ ಆ ಜನರಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ ಅವರವರ ಕೆಲಸವನ್ನು ಅವರವರ ಹೆಸರಿಗೇ ಸೇರಿಸುವುದು; ಹೆಸರು ಸಿಕ್ಕುವ ತನಕ ತಾಳುವುದು.